ಮಾಚೇನಹಳ್ಳಿಯ ಶೆಡ್ಡಿನ ಎಂಟನೆಯ ವ್ಯಕ್ತಿ

ಕಳೆದ ತಿಂಗಳು ತಂಗಿಯನ್ನು ವಿಮಾನ ಹತ್ತಿಸಲು ಸೋಗಾನೆಯ ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ಭದ್ರಾವತಿಯಲ್ಲಿ ಒಂದು ಕೆಲಸವಿದ್ದುದರಿಂದ ಅಲ್ಲಿಂದ ಆ ಕಡೆಗೆ ಹೊರಟ ಆಟೊ ಹಿಡಿದೆ. ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದ ಮುಂದೆ ಅದು ಕೆಟ್ಟು ನಿಂತಿತು. ಚಾಲಕ ಸೀಟು ಎತ್ತಿ ರಿಪೇರಿಗೆ ಕುಳಿತಾಗ ರಸ್ತೆಯಾಚೆಯ ಯಾವುದೋ ಶೆಡ್ಡಿನಿಂದ ಸುಟ್ಟ ಮರಳಿನ ವಾಸನೆ ಬಂತು. ಕರಗಿದ ಕಬ್ಬಿಣವನ್ನು ಅಚ್ಚಿಗೆ ಹೊಯ್ದ ಮೇಲೆ ಅಚ್ಚಿನ ಒದ್ದೆ ಮರಳು ಬೇಯುವ ವಾಸನೆ ಅದು. ಮರಳಿಗೆ ಬೆರೆಸಿದ ಕಲ್ಲಿದ್ದಲ ಪುಡಿಯ ಕಮಟು, ಅದರ ಜೊತೆಗೆ ಅಂಟಿಗೆಂದು ಹಾಕುವ ಕಾಕಂಬಿಯ, ಅಂದರೆ ಸಕ್ಕರೆ ಮಡ್ಡಿಯ, ಸುಟ್ಟ ಸಿಹಿ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಒಂದಿಡೀ ವರ್ಷ ಆ ವಾಸನೆ ನನ್ನ ಸೀರೆಗಳಲ್ಲಿತ್ತು.

ಆ ವರ್ಷದ ಬಗ್ಗೆ ನಾನು ಈವರೆಗೆ ಬರೆದಿಲ್ಲ. ವೇದಿಕೆಗಳಲ್ಲಿ ಹೇಳಿದ್ದೇನೆ. ಆದರೆ ಉದಾಹರಣೆಯಾಗಿ, ಹೆಸರುಗಳನ್ನು ಬಿಟ್ಟು, ನನ್ನ ವಾದಕ್ಕೆ ಒದಗುವಷ್ಟು ಭಾಗವನ್ನು ಮಾತ್ರ.

ಆಗ ನನಗೆ ಇಪ್ಪತ್ತೇಳು ವರ್ಷ. ಶಿವಮೊಗ್ಗದ ಕಾಲೇಜೊಂದರಲ್ಲಿ ವಾಣಿಜ್ಯ ಶಾಸ್ತ್ರದ ಅರೆಕಾಲಿಕ ಉಪನ್ಯಾಸಕಿ. ಓದುವ ದಿನಗಳಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಬಟ್ಟಲುಗಳು ಭದ್ರಾವತಿಯ ನ್ಯೂ ಟೌನಿನಲ್ಲಿದ್ದ ನಮ್ಮ ಮನೆಯ ಗೋಡೆ ಕಪಾಟಿನಲ್ಲಿ ಸಾಲಾಗಿದ್ದವು. ಅಪ್ಪ ಊರಿನ ಸರ್ಕಾರಿ ಕಬ್ಬಿಣದ ಕಾರ್ಖಾನೆಯಲ್ಲಿ ಹಾಜರಿ ಗುಮಾಸ್ತರಾಗಿದ್ದರು. ಬಂಡವಾಳ ಒಬ್ಬನದು, ಬೆವರು ಇನ್ನೊಬ್ಬನದು ಎಂಬ ವ್ಯವಸ್ಥೆ ಕೊನೆಗೊಳ್ಳಬೇಕು, ದುಡಿಯುವವನೇ ಒಡೆಯನಾಗಬೇಕು ಎಂಬ ನನ್ನ ನಂಬಿಕೆಗೆ ಆಗ ಒಂದು ಪ್ರಯೋಗಶಾಲೆ ಬೇಕಾಗಿತ್ತು.

ಅದು ತಾನಾಗಿಯೇ ಸಿಕ್ಕಿತು. ಅದೇ ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ಪಡೆದು, ಕೈಗೆ ಬಂದ ಇಡಿಗಂಟಿನೊಂದಿಗೆ ಮನೆಗೆ ಬಂದ ಐವತ್ತರ ಆಸುಪಾಸಿನವರು ಊರಿನಲ್ಲಿ ಹೆಚ್ಚುತ್ತಿದ್ದ ಕಾಲ ಅದು. ಬೆಳಿಗ್ಗೆ ಸೈರನ್ ಕೂಗಿದರೆ ಎದ್ದು ಕೂರುತ್ತಿದ್ದರು. ಆಮೇಲೆ ಎಲ್ಲಿಗೆ ಹೋಗುವುದೆಂದು ತಿಳಿಯದೆ ಮೋರಿಕಟ್ಟೆಯ ಮೇಲೆ ಬಂದು ಕೂರುತ್ತಿದ್ದರು. ಅವರಲ್ಲಿ ಏಳು ಜನ ಸೇರಿ ಮಾಚೇನಹಳ್ಳಿಯಲ್ಲಿ ಒಂದು ಸಣ್ಣ ಎರಕದ ಕಾರ್ಖಾನೆ ತೆರೆಯುವ ಯೋಚನೆಯಲ್ಲಿದ್ದರು. ಮುಂದಾಳು ಮುನಿಸ್ವಾಮಣ್ಣ. ಅವರು ಮೋಲ್ಡರ್, ಅಂದರೆ ಮರಳಿನಲ್ಲಿ ಅಚ್ಚು ಕಟ್ಟಿ ಕಬ್ಬಿಣ ಹೊಯ್ಯುವವರು. ಮನೆಮಾತು ತಮಿಳು, ಜಗಳ ಮತ್ತು ಲೆಕ್ಕಾಚಾರ ಮಾತ್ರ ಕನ್ನಡದಲ್ಲಿ. ಇನ್ನೊಬ್ಬರು ಫಿಟ್ಟರ್ ಬಸವರಾಜಣ್ಣ, ಊರಿನ ಹಳೆಯ ಶೈವ ಮನೆತನದವರು. ಬಾಯಿ ತೆರೆದರೆ ತಮಾಷೆ. ಉಳಿದ ಐವರು ಈ ಇಬ್ಬರ ಮಾತಿಗೆ ತಲೆಯಾಡಿಸುವವರು.

ಏಳೂ ಜನ ಪಾಲುಗಾರಿಕೆ ಮಾಡಿಕೊಳ್ಳುವವರಿದ್ದರು. ನಾನು ತಡೆದೆ. ಭದ್ರಾವತಿಯ ಅಂಚಿನಲ್ಲಿ ಮುನಿಸ್ವಾಮಣ್ಣ ನಿವೃತ್ತಿಯ ಹಣದ ಒಂದು ಭಾಗದಿಂದ ಕಟ್ಟಿಸಿದ್ದ ಹೊಸ ಮನೆಯ ಜಗಲಿಯಲ್ಲಿ ಒಂದು ಭಾನುವಾರ ಅವರಿಗೆಲ್ಲ ಪಾಠ ಮಾಡಿದೆ. ಪಾಲುಗಾರಿಕೆಯಲ್ಲಿ ಒಬ್ಬನ ತಪ್ಪಿಗೆ ಏಳೂ ಜನರ ಮನೆ, ನಿವೇಶನ, ಬ್ಯಾಂಕಿನಲ್ಲಿಟ್ಟ ಹಣವೆಲ್ಲ ಹೊಣೆಯಾಗುತ್ತದೆ; ಕಂಪನಿ ಮಾಡಿದರೆ ಹಾಗಲ್ಲ, ಕಂಪನಿಯೆಂಬುದು ಕಾನೂನಿನ ಕಣ್ಣಿಗೆ ಬೇರೆಯೇ ಒಬ್ಬ ವ್ಯಕ್ತಿ, ಎಂದೆ.

“ಬೇರೆ ವ್ಯಕ್ತಿ ಅಂದ್ರೆ? ನಾವಿರೋದೇ ಏಳು ಜನ,” ಎಂದರು ಬಸವರಾಜಣ್ಣ.

“ಅವನು ಎಂಟನೆಯವನು. ಆಸ್ತಿ ಅವನ ಹೆಸರಿನಲ್ಲಿ, ಸಾಲ ಅವನ ಹೆಸರಿನಲ್ಲಿ, ಕೋರ್ಟು ಕಚೇರಿಯೂ ಅವನ ಹೆಸರಿನಲ್ಲೇ.”

“ಊಟ ಮಾಡ್ತಾನಾ?”

“ಇಲ್ಲ.”

“ಬೀಡಿ?”

“ಇಲ್ಲ ಬಸವರಾಜಣ್ಣ.”

“ಹಂಗಿದ್ರೆ ನಮ್ಮೆಲ್ಲರಿಗಿಂತ ಒಳ್ಳೇ ಮನ್ಷ ಬಿಡು ಮಾರಾಯ್ತಿ. ಸೇರಿಸ್ಕೊಳ್ಳೋಣ.”

ಎಲ್ಲರೂ ನಕ್ಕರು. ಮುನಿಸ್ವಾಮಣ್ಣ ನಗಲಿಲ್ಲ. “ತಪ್ಪಾದ್ರೆ ಅವನ್ನ ಎಲ್ಲಿ ಹುಡ್ಕೋದಮ್ಮ?” ಎಂದು ಕೇಳಿದರು.

“ಅವನ ವಿಳಾಸದಲ್ಲಿ. ಮಾಚೇನಹಳ್ಳಿಯ ಶೆಡ್ಡಿನಲ್ಲಿ.”

“ಅಲ್ಲಿ ನಾವೇ ಇರ್ತೀವಲ್ಲ.”

ಅಷ್ಟರಲ್ಲಿ ಅವರ ಹೆಂಡತಿ ಕಮಲಮ್ಮ ಕಾಫಿ ತಂದಿಟ್ಟು ಬಾಗಿಲ ಬಳಿ ನಿಂತಿದ್ದರು. “ಮನೆಗೇನೂ ಆಗಲ್ಲ ತಾನೇ?” ಎಂದರು. ಅವರಿಗೆ ಬೇಕಾಗಿದ್ದುದು ಅದೊಂದೇ ಉತ್ತರ. ನಾನು ಪೂರ್ಣ ವಿಶ್ವಾಸದಿಂದ ಕೊಟ್ಟೆ. ಏನೇ ಆದರೂ ಹಾಕಿದ ಷೇರು ಹೋದೀತು, ಅದರಾಚೆಗೆ ಯಾರೂ ನಿಮ್ಮ ಹೊಸ್ತಿಲು ದಾಟಲಾರರು ಎಂದೆ. ಅರ್ಜಿಗಳನ್ನು ನಾನೇ ಬರೆದೆ, ಏಳು ಹೆಸರುಗಳನ್ನು ನಾನೇ ತುಂಬಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಕಂಪನಿ ನೋಂದಣಿಯಾಯಿತು.

ಶೆಡ್ಡಿನಲ್ಲಿ ಅವರು ಕೆಲಸ ಮಾಡುವುದನ್ನು ನೋಡುವುದು ನನಗೊಂದು ಶಿಕ್ಷಣವಾಗಿತ್ತು. ವಾರಕ್ಕೊಮ್ಮೆ ಕುಲುಮೆ ಹೊತ್ತಿಸುತ್ತಿದ್ದರು. ಉಳಿದ ದಿನಗಳಲ್ಲಿ ಮರಳು ಜರಡಿ ಹಿಡಿದು, ನಾದಿ, ಮುಷ್ಟಿಯಲ್ಲಿ ಹಿಸುಕಿ ಹದ ನೋಡಿ, ಅಚ್ಚು ಕಟ್ಟುತ್ತಿದ್ದರು. ಎರಕ ಆರಿದ ಮೇಲೆ ಮುನಿಸ್ವಾಮಣ್ಣ ಅದನ್ನು ಸರಪಣಿಗೆ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ಒಂದು ಏಟು ಕೊಡುತ್ತಿದ್ದರು. ಒಳ್ಳೆಯ ಎರಕ ಗಂಟೆಯಂತೆ ನಾದ ಕೊಡುತ್ತದೆ. ಒಳಗೆ ಬಿರುಕೋ ಕೂಡದ ಸಂದೋ ಇದ್ದರೆ ಮಡಕೆಯಂತೆ ಸದ್ದು ಮಾಡುತ್ತದೆ. ಮಡಕೆ ಸದ್ದು ಬಂದರೆ ಅವರೇ ದೊಡ್ಡ ಸುತ್ತಿಗೆ ತಂದು ಪುಡಿ ಮಾಡಿ ಮತ್ತೆ ಕುಲುಮೆಯ ಪಕ್ಕಕ್ಕೆ ಎಸೆಯುತ್ತಿದ್ದರು.

ಅವರ ನಡುವೆ ಇನ್ನೊಂದು ರೂಢಿ ಇತ್ತು. ಎರಕ ಕೆಟ್ಟರೆ ಯಾರೂ ಕೇಳುವ ಮೊದಲೇ ಅದನ್ನು ಮಾಡಿದವನು ಒಂದು ಹೆಜ್ಜೆ ಮುಂದೆ ಬಂದು “ಇದು ನಂದು” ಎನ್ನಬೇಕು. ದೊಡ್ಡ ಕಾರ್ಖಾನೆಯ ಎರಕಶಾಲೆಯಲ್ಲಿ ಮೂವತ್ತು ವರ್ಷ ಹಾಗೆ ಹೇಳಿಕೊಂಡು ಬಂದವರು ಅವರು. ಫೋರ್‌ಮನ್ನರು ಬೈದಾರು, ಅಷ್ಟೆ. ತಿಂಗಳ ಕೊನೆಗೆ ಸಂಬಳ ಬರುತ್ತಿತ್ತು. ನಷ್ಟವನ್ನು ಹೊರಲು ಅಲ್ಲಿ ಆನೆಯಂಥ ಸಂಸ್ಥೆ ಇತ್ತು. ಈ ರೂಢಿಯನ್ನು ನಾನು ಸದ್ಗುಣವೆಂದು ಮೆಚ್ಚಿಕೊಂಡೆನೇ ಹೊರತು, ಆನೆ ಇಲ್ಲದ ಕಡೆ ಅದರ ಬೆಲೆ ಏನಾಗುತ್ತದೆಂದು ಲೆಕ್ಕ ಹಾಕಲಿಲ್ಲ.

ಬೇಸಿಗೆ ಬಂತು. ಭದ್ರಾ ನಾಲೆಯ ನೀರಿನ ಬೇಸಿಗೆ ಭತ್ತ ಕಟಾವಿಗೆ ಬರುವ ಮೊದಲು ಅಕ್ಕಿ ಗಿರಣಿಗಳು ಯಂತ್ರ ದುರಸ್ತಿ ಮಾಡಿಸಿಕೊಳ್ಳುತ್ತವೆ. ಸುತ್ತಲಿನ ಮೂರು ಗಿರಣಿಗಳಿಂದ ತಲಾ ಒಂದು ದೊಡ್ಡ ರಾಟೆಗೆ ಬೇಡಿಕೆ ಬಂತು. ಮೋಟರಿನ ಪಟ್ಟಿ ಸುತ್ತುವ, ಎದೆಯೆತ್ತರದ ಎರಕದ ಚಕ್ರಗಳು. ಕಂಪನಿಗೆ ಅದೇ ಮೊದಲ ದೊಡ್ಡ ಕೆಲಸ. ಹೊಯ್ಯುವ ದಿನ ಮಧ್ಯಾಹ್ನ ಕರೆಂಟು ಹೋಯಿತು. ಕುಲುಮೆಗೆ ಗಾಳಿ ಊದುವ ಯಂತ್ರ ನಿಂತು, ಅದು ಮತ್ತೆ ಹೊರಡುವ ಹೊತ್ತಿಗೆ ಅರ್ಧ ಗಂಟೆ ಕಳೆದಿತ್ತು. ಹಳದಿಯಾಗಿ ಹರಿಯಬೇಕಾದ ಕಬ್ಬಿಣ ಕೆಂಪಿಗೆ ತಿರುಗಿತ್ತು. ಅದನ್ನೇ ಮೂರೂ ಅಚ್ಚುಗಳಿಗೆ ಹೊಯ್ದರು.

ಮರುದಿನ ನಾನು ಶೆಡ್ಡಿಗೆ ಹೋದೆ. ಅವರಿಗೆ ಫೋನ್ ಇರಲಿಲ್ಲ. ಗಿರಣಿಯೊಂದರ ಮಾಲೀಕರು ನಮ್ಮ ಮನೆಗೆ ಫೋನ್ ಮಾಡಿ, ಇನ್ನೆರಡು ದಿನದಲ್ಲಿ ರಾಟೆ ಬಾರದಿದ್ದರೆ ದಾವಣಗೆರೆಯಿಂದ ತರಿಸುತ್ತೇವೆ ಎಂದಿದ್ದರು. ಅದನ್ನು ನಾನು ಹೇಳಿದೆ. ಜೊತೆಗೆ, “ಇದು ನಮ್ಮ ಮಾನದ ಪ್ರಶ್ನೆ” ಎಂದೂ ಸೇರಿಸಿದೆ. ಮುನಿಸ್ವಾಮಣ್ಣ ಮೊದಲನೆಯ ರಾಟೆಗೆ ಸುತ್ತಿಗೆಯಿಂದ ಹೊಡೆದರು. ಸದ್ದನ್ನು ನಾನೂ ಕೇಳಿದೆ. ನನಗದು ಬರಿಯ ಸದ್ದು. ಅವರು ಒಂದು ಕ್ಷಣ ನಿಂತು ಆರು ಜನರ ಮುಖ ನೋಡಿದರು. ಆಮೇಲೆ ಸುತ್ತಿಗೆಯನ್ನು ಕೆಳಗಿಟ್ಟರು. ಉಳಿದೆರಡು ರಾಟೆಗಳಿಗೆ ಹೊಡೆಯಲೇ ಇಲ್ಲ. “ಲೇತಿಗೆ ಹಾಕ್ರಪ್ಪ,” ಎಂದರು; ಕಡೆದು ನಯ ಮಾಡಿ ಗಿರಣಿಗಳಿಗೆ ಕಳಿಸಲು.

ಮೇ ತಿಂಗಳಲ್ಲಿ, ಕಟಾವು ಜೋರಾಗಿದ್ದಾಗ, ಒಂದು ಗಿರಣಿಯಲ್ಲಿ ಓಡುತ್ತಿದ್ದ ರಾಟೆ ಸಿಡಿಯಿತು. ಅದರ ಒಂದು ಚೂರು ಅಲ್ಲಿ ಯಂತ್ರ ನಡೆಸುತ್ತಿದ್ದ ಕೆಲಸಗಾರ ಹಾಲೇಶಪ್ಪ ಎಂಬವರ ಎಡಗಾಲಿಗೆ ಬಡಿಯಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗಿನ ಭಾಗವನ್ನು ಉಳಿಸಲಾಗಲಿಲ್ಲ.

ವಾರದೊಳಗೆ ಗಿರಣಿಯ ಪರವಾಗಿ ವಕೀಲರ ನೋಟೀಸು ಬಂತು. ಎರಕದ ದೋಷವೇ ಕಾರಣವೆಂದೂ ಹಾಲೇಶಪ್ಪನಿಗೆ ಕಂಪನಿಯೇ ಪರಿಹಾರ ಕೊಡಬೇಕೆಂದೂ ಅದರಲ್ಲಿತ್ತು. ಮುನಿಸ್ವಾಮಣ್ಣನನ್ನೂ ಬಸವರಾಜಣ್ಣನನ್ನೂ ಕರೆದುಕೊಂಡು ನಾನು ಶಿವಮೊಗ್ಗದ ಹಿರಿಯ ವಕೀಲರೊಬ್ಬರ ಬಳಿಗೆ ಹೋದೆ. ಅವರು ಕಾಗದವನ್ನು ಎರಡು ಸಲ ಓದಿ, “ರಾಟೆಯನ್ನ ಹೇಳಿದ್ದಕ್ಕಿಂತ ಜಾಸ್ತಿ ವೇಗದಲ್ಲಿ ಓಡ್ಸಿದಾರೆ ಅಂತ ಉತ್ತರ ಕೊಡಬಹುದು. ಅವರು ಇಲ್ಲ ಅಂತ ಸಾಬೀತು ಮಾಡೋದಕ್ಕೆ ವರ್ಷಗಳು ಬೇಕು,” ಎಂದರು.

“ಹೇಗಿದ್ದರೂ ಷೇರಿಗಿಂತ ಹೆಚ್ಚಿನ ಹೊಣೆ ಇವರ ಮೇಲೆ ಬರುವುದಿಲ್ಲವಲ್ಲ?” ಎಂದೆ ನಾನು.

“ಷೇರುದಾರರು ಅನ್ನೋ ಲೆಕ್ಕದಲ್ಲಿ ಬರಲ್ಲ. ಆದ್ರೆ ಯಾರೋ ಒಬ್ರು, ದೋಷ ಇದೆ ಅಂತ ಗೊತ್ತಿದ್ದೂ ಕಳಿಸಿದೆ ಅಂದ್ರೆ, ಅದು ಅವನ ಸ್ವಂತ ತಪ್ಪು. ಅಲ್ಲಿ ಕಂಪನಿ ಅಡ್ಡ ಬರಲ್ಲ. ಅವನ ಮನೆವರೆಗೂ ಹೋಗ್ಬಹುದು.”

ಆ ಅಧ್ಯಾಯ ನಮ್ಮ ಪಠ್ಯದಲ್ಲಿರಲಿಲ್ಲ. ಇತರರ ತಪ್ಪಿನಿಂದ ಕಂಪನಿ ನಿಮ್ಮನ್ನು ಕಾಯುತ್ತದೆ, ನಿಮ್ಮ ಕೈಯ ತಪ್ಪಿನಿಂದ ಕಾಯುವುದಿಲ್ಲ ಎಂಬುದನ್ನು ನಾನು ಆ ದಿನ, ಮುನಿಸ್ವಾಮಣ್ಣನ ಪಕ್ಕದ ಕುರ್ಚಿಯಲ್ಲಿ ಕುಳಿತು ಕಲಿತೆ. ಅವರು ವಕೀಲರ ಮೇಜಿನ ಅಂಚನ್ನೇ ನೋಡುತ್ತಿದ್ದರು.

ಉತ್ತರವನ್ನು ನಾನೇ ಬರೆದೆ. ವೇಗ ಹೆಚ್ಚಾಯಿತು ಎಂಬ ವಾದವನ್ನು ಅಚ್ಚುಕಟ್ಟಾಗಿ ಕಟ್ಟಿ, ಶೆಡ್ಡಿನಲ್ಲಿ ಏಳೂ ಜನರ ಮುಂದೆ ಓದಿದೆ. ಕಂಪನಿಯ ಪರವಾಗಿ ಮುನಿಸ್ವಾಮಣ್ಣ ಸಹಿ ಮಾಡಬೇಕಿತ್ತು. ಅವರು ಪೆನ್ನು ತೆಗೆದುಕೊಳ್ಳಲಿಲ್ಲ.

“ಇದು ನಿಜ ಅಲ್ಲ,” ಎಂದರು. “ಅವತ್ತು ಕಬ್ಬಿಣ ಆರಿತ್ತು. ಅಚ್ಚಿನೊಳಗೆ ಎರಡು ಕಡೆಯಿಂದ ಹರಿದು ಬಂದಿದ್ದು ಒಂದಾಗಿಲ್ಲ. ಸದ್ದಲ್ಲೇ ಗೊತ್ತಾಯ್ತು ನಂಗೆ. ಇದು ನಂದು.”

ಬಸವರಾಜಣ್ಣ ಎದ್ದು ನಿಂತರು. “ನಿಂದು ಅಂತ ಹೇಳೋಕೆ ಇದೇನು ಹಳೇ ಕಾರ್ಖಾನೆ ಅನ್ಕೊಂಡ್ಯಾ ಮಾರಾಯ? ಅಲ್ಲಿ ನೀನು ನಂದು ಅಂದ್ರೆ ಸರ್ಕಾರ ಕೊಡ್ತಿತ್ತು. ಇಲ್ಲಿ ನೀನು ನಂದು ಅಂದ್ರೆ ನಂದೂ ಹೋಗತ್ತೆ, ಇವರದ್ದೂ ಹೋಗತ್ತೆ, ನಿನ್ನ ಮನೆ ಬೇರೆ! ಗೊತ್ತಿದ್ರೆ ಅವತ್ತೇ ಯಾಕೆ ಒಡೆದು ಹಾಕ್ಲಿಲ್ಲ?”

“ಅದೇ ನಾನೂ ಯೋಚ್ನೆ ಮಾಡ್ತಾ ಇದೀನಿ,” ಎಂದರು ಮುನಿಸ್ವಾಮಣ್ಣ. “ಮೂವತ್ತು ವರ್ಷ ಎಷ್ಟು ಒಡೆದು ಹಾಕಿದೀನಿ, ಲೆಕ್ಕ ಇಲ್ಲ. ಆಗ ಕಿವಿ ನಂದೊಬ್ಬಂದೇ ಆಗಿತ್ತು. ಮಾಲೀಕ ಆದ್ಮೇಲೆ ಸುತ್ತಿಗೆ ಎತ್ತಿದ್ರೆ ನಮ್ಮ ಏಳು ಮನೆ ಅಡಿಗೆಮನೆ ಕಾಣ್ಸ್ತು.”

ದುಡಿಯುವವನು ಒಡೆಯನಾದರೆ ಅವನ ಕೈಕೆಲಸ ಇನ್ನಷ್ಟು ಶುದ್ಧವಾಗುತ್ತದೆ ಎಂದು ನಾನು ಎಷ್ಟು ವೇದಿಕೆಗಳಲ್ಲಿ ಹೇಳಿದ್ದೆನೋ! ನಷ್ಟದ ಭಯವೂ ಒಡೆತನದ ಜೊತೆಗೇ ಬಂದು ಕೈಗೆ ಕೂರುತ್ತದೆಂದು ನನಗೆ ಹೊಳೆದಿರಲಿಲ್ಲ.

ಕೊನೆಗೆ ಎಲ್ಲರೂ ನನ್ನತ್ತ ತಿರುಗಿದರು. ನಾನು ಅಭ್ಯಾಸಬಲದಿಂದ ಎರಡೂ ಪಕ್ಷಗಳನ್ನು ಮಂಡಿಸಿದೆ. ಸತ್ಯ ಹೇಳಿದರೆ ಹಾಲೇಶಪ್ಪನಿಗೆ ಬೇಗ ನ್ಯಾಯ ಸಿಗುತ್ತದೆ. ಹೇಳದಿದ್ದರೆ ಏಳು ಕುಟುಂಬಗಳು ಉಳಿಯುತ್ತವೆ, ಕಂಪನಿ ಉಳಿದರೆ ಮುಂದೆ ಹಾಲೇಶಪ್ಪನಿಗೂ ಏನಾದರೂ ಮಾಡಬಹುದು. ಕಾಲು ಗಂಟೆ ಮಾತಾಡಿ, ಸದ್ಯಕ್ಕೆ ಮೌನವೇ ವಿವೇಕ ಎಂದು ಮುಗಿಸಿದೆ.

“ಎರಡೂ ಕಡೆ ಚೆನ್ನಾಗ್ ಮಾತಾಡಿದ್ರಮ್ಮ,” ಎಂದರು ಮುನಿಸ್ವಾಮಣ್ಣ. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. “ನಾಳೆ ನನ್ ಜೊತೆ ಆಸ್ಪತ್ರೆಗೆ ಬರ್ತೀರಾ? ನಂಗೆ ಆ ದೊಡ್ಡ ಕಟ್ಟಡದಲ್ಲಿ ದಾರಿ ಗೊತ್ತಾಗಲ್ಲ.”

ಮರುದಿನ ಮಳೆ ಹಿಡಿದಿತ್ತು. ಇಬ್ಬರೂ ಬಸ್ಸಿನಲ್ಲಿ ಹೋದೆವು. ದಾರಿಯಲ್ಲಿ ನಾನು ಇನ್ನೊಮ್ಮೆ ಯೋಚಿಸುವಂತೆ ಹೇಳಿದೆ. ಅವರು ಕಿಟಕಿಯ ಹಲಗೆ ಸರಿಪಡಿಸುತ್ತಾ, ನೀರು ನನ್ನ ಮೇಲೆ ಬೀಳದಂತೆ ನೋಡಿಕೊಳ್ಳುತ್ತಾ ಕೂತರು.

ಹಾಲೇಶಪ್ಪನಿಗೆ ನಲವತ್ತರ ಹತ್ತಿರದ ವಯಸ್ಸು. ಕಾಲಿನ ಜಾಗದಲ್ಲಿ ಹೊದಿಕೆ ಚಪ್ಪಟೆಯಾಗಿತ್ತು. ಮುನಿಸ್ವಾಮಣ್ಣ ಮಂಚದ ಪಕ್ಕದಲ್ಲಿ ನಿಂತೇ ಹೇಳಿದರು: “ಆ ರಾಟೆ ಹುಯ್ದಿದ್ದು ನಾನು. ಸರಿ ಇಲ್ಲ ಅಂತ ಗೊತ್ತಿತ್ತು. ಗೊತ್ತಿದ್ದೂ ಕಳಿಸ್ದೆ.”

ಬೈಗುಳವನ್ನೋ ಅಳುವನ್ನೋ ನಾನು ನಿರೀಕ್ಷಿಸಿದ್ದೆ. ಹಾಲೇಶಪ್ಪ ಕೇಳಿದರು: “ಅವತ್ತು ಹುಯ್ದಿದ್ದು ಅದೊಂದೇನಾ?”

ಮುನಿಸ್ವಾಮಣ್ಣನ ಮುಖದ ಬಣ್ಣ ಹೋಯಿತು.

“ಇನ್ನೆರಡು,” ಎಂದರು.

“ಎಲ್ಲಿವೆ?”

“ಓಡ್ತಾ ಇವೆ.”

“ಮತ್ತೆ ಇಲ್ಲೇನ್ ಮಾಡ್ತಿದೀರ್ರೀ ನಿಂತ್ಕೊಂಡು?” ಹಾಲೇಶಪ್ಪ ಮೊಣಕೈ ಊರಿ ಏಳಲು ನೋಡಿದರು. “ನನ್ನ ಹತ್ರ ಏನು ತಪ್ಪೊಪ್ಪಿಗೆ! ಹೋಗ್ರಿ, ಮೊದ್ಲು ಅವನ್ನ ನಿಲ್ಸ್ರಿ!”

ಇಡೀ ಎರಡು ವಾರ ನಾವು ಒಡೆದ ರಾಟೆಯ ಸುತ್ತಲೇ ತಿರುಗಿದ್ದೆವು. ನೋಟೀಸು, ಉತ್ತರ, ಯಾರ ಹೊಣೆ ಎಷ್ಟು, ಯಾರ ಆಸ್ತಿ ಎಲ್ಲಿಯವರೆಗೆ. ಇನ್ನೂ ಒಡೆಯದ ಎರಡರ ಬಗ್ಗೆ ವಕೀಲರಾಗಲಿ ನಾನಾಗಲಿ ಒಂದು ಮಾತು ಆಡಿರಲಿಲ್ಲ. ಗಿರಣಿಯ ನೆಲದಲ್ಲಿ ನಿಂತು ದುಡಿದವನಿಗೆ ಅದು ಒಂದೇ ಉಸಿರಿನಲ್ಲಿ ಹೊಳೆಯಿತು.

ಶೆಡ್ಡಿಗೆ ಬಂದು ಹೇಳಿದಾಗ ಬಸವರಾಜಣ್ಣ ತಲೆಯ ಮೇಲೆ ಕೈಹೊತ್ತರು. “ಅವನ್ನ ವಾಪಸ್ ತಂದ್ರೆ ನಾವೇ ನಮ್ಮ ಕೈಯಾರೆ ಬರ್ಕೊಟ್ಟಂಗಾಯ್ತಲ್ಲ ಮಾರಾಯ,” ಎಂದರು. ಹಾಗೆನ್ನುತ್ತಲೇ ಲಗೇಜ್ ಆಟೊ ತರಲು ಹೊರಟರು.

ಉಳಿದ ಎರಡರಲ್ಲಿ ಮೊದಲ ಗಿರಣಿಯ ಮಾಲೀಕರು ಕೇಳಲು ಸಿದ್ಧರಿರಲಿಲ್ಲ. ಅಂಗಳದಲ್ಲಿ ಭತ್ತದ ಮೂಟೆಗಳು ಟಾರ್ಪಾಲಿನ ಕೆಳಗೆ ಕಾಯುತ್ತಿದ್ದವು. “ಹುಚ್ಚೇನ್ರಿ ನಿಮ್ಗೆ? ಸುಗ್ಗೀಲಿ ಮಿಲ್ ನಿಲ್ಸು ಅಂತೀರಲ್ಲ. ನಂಗೇನೂ ತೊಂದ್ರೆ ಆಗಿಲ್ಲ, ಚೆನ್ನಾಗಿ ಓಡ್ತಿದೆ,” ಎಂದರು.

“ನಿಲ್ಸಿ ಮಾರಾಯ್ರೇ,” ಎಂದರು ಬಸವರಾಜಣ್ಣ. “ಕಾಲಿದ್ರೆ ನಾಳೆ ನಮ್ಮನ್ನ ಒದಿಯೋಕಾದ್ರೂ ಬರ್ತೀರ.”

ರಾಟೆ ಕೆಳಗಿಳಿಯಿತು. ಮುನಿಸ್ವಾಮಣ್ಣ ದೊಡ್ಡ ಸುತ್ತಿಗೆಯಿಂದ ಎರಡು ಏಟು ಹಾಕಿದರು. ಎರಡನೆಯದಕ್ಕೆ ಅದು ನಡುವಿನ ಗುಂಬದ ಹತ್ತಿರ ಬಿಟ್ಟುಕೊಂಡಿತು. ಒಡೆದ ಮೈಯಲ್ಲಿ ಒಂದು ಬೆರಳಗಲ ಕಪ್ಪಗಿತ್ತು, ಎಂದೂ ಕೂಡಿರದ ಜಾಗ. ಮಾಲೀಕರು ಅದನ್ನು ಮುಟ್ಟಿ ನೋಡಿ, ಹೋಗಿ ಮೂಟೆಗಳ ಮೇಲೆ ಕುಳಿತರು.

ಇನ್ನೊಂದು ಗಿರಣಿಯಲ್ಲಿ ಮೂರನೆಯ ರಾಟೆಯನ್ನು ಇಳಿಸಿ ಹೊಡೆದಾಗ ಅದು ದೇವಸ್ಥಾನದ ಗಂಟೆಯಂತೆ ಮೊಳಗಿತು. ಬಸವರಾಜಣ್ಣ ಸಂತೋಷದಿಂದ ಮತ್ತೆ ಏರಿಸಲು ಹೇಳಿದರು. ಮುನಿಸ್ವಾಮಣ್ಣ ಕೇಳಲಿಲ್ಲ. ಬೆವರಿಳಿಯುವವರೆಗೆ ಬಡಿದು ಅದನ್ನೂ ಒಡೆದರು. ಒಳಗೆಲ್ಲ ಬೂದುಬಣ್ಣದ ಶುದ್ಧ ಎರಕ.

“ನೋಡು, ಚಿನ್ನದಂಥ ಮಾಲು! ಒಡೆದು ಹಾಕಿದ್ಯಲ್ಲ ಪಾಪಿ,” ಎಂದರು ಬಸವರಾಜಣ್ಣ.

“ಈಗ ಗೊತ್ತಾಯ್ತಲ್ಲ,” ಎಂದರು ಮುನಿಸ್ವಾಮಣ್ಣ.

ಉಳಿದುದು ಕಾನೂನು ಹೇಳಿದಂತೆಯೇ ನಡೆಯಿತು. ಉತ್ತರದಲ್ಲಿ ಇದ್ದುದನ್ನು ಇದ್ದಂತೆ ಬರೆದೆವು. ದೀಪಾವಳಿಗೆ ಮೊದಲು ಕಂಪನಿ ಮುಚ್ಚಿತು. ಲೇತು, ಕುಲುಮೆ, ಗಾಳಿಯಂತ್ರ ಮಾರಿ ಬಂದದ್ದು ಹಾಲೇಶಪ್ಪನಿಗೆ ಹೋಯಿತು. ಆರು ಜನ ಹಾಕಿದ ಷೇರನ್ನಷ್ಟೇ ಕಳೆದುಕೊಂಡರು. ಅಷ್ಟರಮಟ್ಟಿಗೆ ನಾನು ಕಲಿಸಿದ ಪಾಠ ಸರಿಯಾಗಿತ್ತು. ಹಾಲೇಶಪ್ಪನ ಕಡೆಯವರು ಮುನಿಸ್ವಾಮಣ್ಣನನ್ನು ಪ್ರತ್ಯೇಕವಾಗಿ ಕೇಳಿದರು. ಅವರು ವಾದ ಮಾಡದೆ ಒಪ್ಪಿ, ಮನೆಯ ಮುಂಭಾಗವನ್ನು ಜಗಲಿ ಸಮೇತ ಮಾರಿ ಕೊಟ್ಟರು. ಹಾಲೇಶಪ್ಪ ಅದನ್ನು ಬೇಡವೆನ್ನಲಿಲ್ಲ. ಬೇಡವೆನ್ನಬೇಕಾದ ಕಾರಣವೂ ಅವರಿಗಿರಲಿಲ್ಲ.

ಆ ವರ್ಷದುದ್ದಕ್ಕೂ ನನಗೆ ಕಾಲೇಜಿನ ಗೌರವಧನ ತಪ್ಪದೆ ಬಂದಿತ್ತು. ಕಂಪನಿಯಲ್ಲಿ ನನ್ನ ಒಂದು ಷೇರೂ ಇರಲಿಲ್ಲ. ಯಾವ ನೋಟೀಸಿನಲ್ಲೂ ನನ್ನ ಹೆಸರಿರಲಿಲ್ಲ. ಇಡೀ ವ್ಯವಹಾರದಲ್ಲಿ ಏನನ್ನೂ ಪಣಕ್ಕಿಡದೆ ಮಾತಾಡಿದವಳು ನಾನೊಬ್ಬಳೇ ಎಂಬುದು ತಡವಾಗಿ ತಿಳಿಯಿತು. ಮುನಿಸ್ವಾಮಣ್ಣನ ಮನೆಯವರು ಹಿಂಭಾಗದಲ್ಲಿ ಉಳಿದ ಎರಡು ಕೋಣೆಗಳಿಗೆ ಸಾಮಾನು ಸಾಗಿಸುತ್ತಿದ್ದ ದಿನ ಆರು ತಿಂಗಳ ಗೌರವಧನವನ್ನು ಲಕೋಟೆಯಲ್ಲಿಟ್ಟು ಕೊಂಡೊಯ್ದೆ.

“ಇದು ನನ್ನ ಪಾಲು ಎಂದು ಇಟ್ಟುಕೊಳ್ಳಿ ಮುನಿಸ್ವಾಮಣ್ಣ,” ಎಂದೆ.

ಅವರು ಲಕೋಟೆಯನ್ನು ನೋಡಿದರು, ಮುಟ್ಟಲಿಲ್ಲ. ಮುಖದಲ್ಲಿ ಕೋಪವಿರಲಿಲ್ಲ, ತಪ್ಪು ವಿಳಾಸಕ್ಕೆ ಬಂದ ಕಾಗದವನ್ನು ತಿರುಗಿ ಕೊಡುವವರ ಸೌಜನ್ಯವಿತ್ತು.

“ನಿಮ್ದು ಇದ್ರಲ್ಲಿ ಪಾಲಿಲ್ಲಮ್ಮ,” ಎಂದರು.

ಒಳಗಿನಿಂದ ಕಮಲಮ್ಮ, “ಸುಮ್ನೆ ನಿಂತಿದೀರಲ್ಲ, ಈ ಟ್ರಂಕು ಒಬ್ಳ ಕೈಲಿ ಆಗಲ್ಲ, ಬನ್ನಿ,” ಎಂದು ಕರೆದರು. ಲಕೋಟೆಯನ್ನು ಚೀಲದೊಳಗೆ ಹಾಕಿಕೊಂಡು ಹೋಗಿ, ಟ್ರಂಕಿನ ಇನ್ನೊಂದು ಹಿಡಿಕೆಯನ್ನು ಹಿಡಿದುಕೊಂಡೆ. ನಾನು ಅಂದುಕೊಂಡಿದ್ದಕ್ಕಿಂತ ಭಾರವಾಗಿತ್ತು.